ಅರಿಶಿನದ ಬೆಲೆಗೆ ಒಂದು ಗೆರೆ

ಹನೂರಿನ ಅರಿಶಿನ ಬೆಳೆಗಾರರ ಕಂಪನಿಗೆ ಕಾರ್ಯದರ್ಶಿಯಾಗಿ ಬರುವ ಮುನ್ನ ರಾಜಮ್ಮಣ್ಣಿ ಹದಿನಾಲ್ಕು ವರ್ಷ ಅಗರದಲ್ಲಿ ಅಂಗನವಾಡಿ ಟೀಚರ್ ಆಗಿದ್ದವರು. ತಿಂಗಳಿಗೊಮ್ಮೆ ಮಕ್ಕಳನ್ನು ತೂಗಿ, ಕಾರ್ಡಿನ ಮೇಲೆ ಚುಕ್ಕೆ ಇಟ್ಟು, ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆಯುತ್ತಿದ್ದರು. ಒಂದು ದಿನದ ತೂಕದಿಂದ ಏನೂ ಗೊತ್ತಾಗುವುದಿಲ್ಲ, ಗೆರೆ ಯಾವ ಕಡೆ ಹೊರಟಿದೆ ನೋಡಬೇಕು ಎಂದು ತಾಯಂದಿರಿಗೆ ಹೇಳಿ ಹೇಳಿ ಅವರಿಗೇ ಅದು ಬಾಯಿಪಾಠವಾಗಿತ್ತು. ಹಾಗಾಗಿ ವಾಯಿದಾ ವ್ಯಾಪಾರದ ತರಬೇತಿಯಲ್ಲಿ ಮಿಕ್ಕವರು ಆಕಳಿಸುತ್ತಿದ್ದಾಗ ಅವರಿಗೆ ಮಾತ್ರ ವಿಷಯ ಥಟ್ಟನೆ ತಲೆಗೆ ಹೋಯಿತು.

ವಿಷಯ ಇಷ್ಟೆ. ಅರಿಶಿನ ಗೋದಾಮಿನಲ್ಲಿ ಇರುವಾಗಲೇ, ಅಷ್ಟೇ ತೂಕವನ್ನು ಮುಂದಿನ ವಾಯಿದೆಗೆ, ಅಂದರೆ ಮುಂದಿನ ಒಂದು ತಾರೀಖಿಗೆ, ಇವತ್ತಿನ ದರದಲ್ಲಿ ಮಾರಿಡುವುದು. ಬೆಲೆ ಬಿದ್ದರೆ ಮೂಟೆಯಲ್ಲಿ ಹೋದದ್ದು ವಾಯಿದೆಯಲ್ಲಿ ಬರುತ್ತದೆ. ಆದರೆ ಬೆಲೆ ಏರಿದರೆ, ಮೂಟೆ ಮಾರುವ ಮೊದಲೇ, ಅಂದಂದಿನ ನಷ್ಟವನ್ನು ಅಂದಂದೇ ಬ್ರೋಕರ್‌ಗೆ ಕಟ್ಟಬೇಕು. ಯಾವಾಗ ಮಾರುವುದು, ಯಾವಾಗ ಬಿಡುವುದು ಎಂಬುದಕ್ಕೆ ರಾಜಮ್ಮಣ್ಣಿ ಒಂದೇ ನಿಯಮ ಇಟ್ಟುಕೊಂಡರು. ಹಿಂದಿನ ಇಪ್ಪತ್ತು ದಿನಗಳ ಬೆಲೆಯ ಸರಾಸರಿಯನ್ನು ದಿನವೂ ಗ್ರಾಫ್ ಹಾಳೆಯಲ್ಲಿ ಗುರುತಿಸಿ ಗೆರೆ ಎಳೆಯುವುದು. ಮಾರುಕಟ್ಟೆ ಮುಚ್ಚಿದಾಗಿನ ಬೆಲೆ ಗೆರೆಯ ಕೆಳಗಿದ್ದರೆ ಮರುದಿನ ಬೆಳಿಗ್ಗೆ ಮಾರುವುದು, ಮೇಲಿದ್ದರೆ ಮರುದಿನ ಬೆಳಿಗ್ಗೆ ಅಷ್ಟನ್ನೇ ವಾಪಸ್ ಕೊಂಡು ವಾಯಿದೆಯಿಂದ ಹೊರಬರುವುದು. ಕಂಪನಿಯ ಸಭೆ ಇದನ್ನು ಒಪ್ಪಿ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿತ್ತು.

ಆ ಫೆಬ್ರವರಿಯಲ್ಲಿ ಗೋದಾಮಿನಲ್ಲಿ ಮೂವತ್ತೊಂದು ಮಂದಿಯ ಹತ್ತು ಟನ್ ಅರಿಶಿನವಿತ್ತು. ಬೆಲೆ ಗೆರೆಯ ಕೆಳಗಿಳಿಯಿತು. ರಾಜಮ್ಮಣ್ಣಿ ಐದೈದು ಟನ್ನಿನ ಎರಡು ಲಾಟ್ ವಾಯಿದೆಗೆ ಮಾರಿದರು.

ಮರುದಿನದಿಂದಲೇ ಬೆಲೆ ಏರತೊಡಗಿತು. ಎಲ್ಲೋ ಉತ್ತರದಲ್ಲಿ ಅಕಾಲದ ಮಳೆಗೆ ಒಣಗಲು ಹಾಕಿದ್ದ ಅರಿಶಿನ ನೆನೆದಿದೆಯೆಂಬ ಸುದ್ದಿ ಎಲ್ಲರ ಫೋನಿಗೂ ಬಂತು. ಮೂರು ದಿನ ಸತತವಾಗಿ ಬ್ರೋಕರ್ ಕಚೇರಿಯಿಂದ ಹಣ ಕಟ್ಟುವಂತೆ ಸಂದೇಶ. ನಾಲ್ಕನೇ ದಿನ ಮಧ್ಯಾಹ್ನ ಕಂಪನಿಯ ಅಧ್ಯಕ್ಷ ವೃಷಭೇಂದ್ರಪ್ಪ ಊಟ ಬಿಟ್ಟು ಕಚೇರಿಗೆ ಓಡಿಬಂದರು.

"ಅಮ್ಮಣ್ಣಿ, ಈಗ್ಲೇ ಕಿತ್ತಾಕ್ಬುಡಿ. ಗೊಬ್ಬರಕ್ಕೆ ಮಡಗಿದ್ದ ದುಡ್ಡೆಲ್ಲ ಓಯ್ತಾ ಅದೆ."

"ಇನ್ನೂ ಗೆರೆ ದಾಟಿಲ್ಲ ಕನ್ ಸಾ. ಸಂಜೆಗಂಟ ನೋಡವ."

"ಗೆರೆ ಗೆರೆ ಅಂತೀರಲ್ಲ, ನೀವೇ ಎಳ್ದಿರದು ತಾನೆ ಅದು?"

 ಆ ಸಂಜೆ ಬೆಲೆ ಗೆರೆ ದಾಟಿ ಮೇಲೆ ನಿಂತಿತು. ಮರುದಿನ ಬೆಳಿಗ್ಗೆ ರಾಜಮ್ಮಣ್ಣಿ ನಷ್ಟದಲ್ಲೇ ಹೊರಬಂದರು. ಅದೇ ದಿನ ಮಧ್ಯಾಹ್ನ ಮಳೆಯ ಸುದ್ದಿ ಅಷ್ಟೇನೂ ದೊಡ್ಡದಲ್ಲವೆಂದು ತಿಳಿದು, ಬೆಲೆ ದಡಕ್ಕನೆ ಕುಸಿದು, ಗೆರೆಯ ಕೆಳಗೇ ಮುಗಿಯಿತು. ಇನ್ನೊಂದು ದಿನ ಕಾದಿದ್ದರೆ ನಷ್ಟವೇ ಇರುತ್ತಿರಲಿಲ್ಲ.

ಸಂಜೆ ಕಚೇರಿಯಲ್ಲಿ ಜನ ಸೇರಿದರು. ಮಧುವನಹಳ್ಳಿಯ ಪುಟ್ಟಮಾದಯ್ಯನವರದ್ದೇ ಗೋದಾಮಿನಲ್ಲಿ ಹೆಚ್ಚು ಮೂಟೆ. ಅವರು ಕೂರಲೂ ಇಲ್ಲ.

"ಏನವ್ವ, ಏರ್ವಾಗೆಲ್ಲ ಕುಂತಿದ್ದೆ, ಇಳಿಯೊ ಒತ್ಗೆ ಬುಟ್ಬಂದೆ. ನಮ್ಮ ಅರಿಶಿನ ಅಂದ್ರೆ ನಿನ್ನ ಅಂಗನವಾಡಿ ಕೂಸುಗಳ ಆಟ ಅನ್ಕಂಡಿದ್ದೀಯಾ?"

"ಆಟ ಅಲ್ಲ ಪುಟ್ಟಮಾದಣ್ಣ. ಈ ತರ ಸಣ್ಣ ಏಟು ಆಗಾಗ ಬೀಳ್ತದೆ ಅಂತ ಮೊದ್ಲೇ ಏಳಿದ್ದೆ. ಈಗ ಬೆಲೆ ತಿರ್ಗ ಗೆರೆ ಕೆಳಗದೆ. ನಾಳೆ ಬೆಳಿಗ್ಗೆ ಮತ್ತೆ ಮಾರ್ಬೇಕು."

 ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ವೃಷಭೇಂದ್ರಪ್ಪ ಕೈ ಎತ್ತಿ ಸುಮ್ಮನಾಗಿಸಿದರು.

"ಇನ್ನೊಂದ್ಸಲ ಕೈ ಸುಟ್ಕಳಕ್ಕೆ ನಾನಂತೂ ಒಪ್ಪಕಿಲ್ಲ."

ರಾಜಮ್ಮಣ್ಣಿ ನಡಾವಳಿ ಪುಸ್ತಕ ತೆರೆದು ಅವರ ಮುಂದಿಟ್ಟರು. "ಮಾರದ್ ಬ್ಯಾಡ ಅಂತ ಇದ್ರಲ್ಲಿ ಬರ್ದು ಸೈನ್ ಮಾಡಿ ಸಾ. ನಾನು ಮಾರಕಿಲ್ಲ. ಬರೀನಿಲ್ಲ ಅಂದ್ರೆ ಬೆಳಿಗ್ಗೆ ಮಾರ್ತೀನಿ."

ವೃಷಭೇಂದ್ರಪ್ಪ ಪೆನ್ನು ತೆಗೆದುಕೊಂಡರು. ನಾಳೆ ಬೆಲೆ ಇನ್ನೂ ಬಿದ್ದರೆ ಆ ಸಹಿ ತಮ್ಮ ಕುತ್ತಿಗೆಗೆ ಬರುತ್ತದೆಂದು ಅವರಿಗೆ ಹೊಳೆಯಿತೇನೋ, ಪೆನ್ನು ಕೆಳಗಿಟ್ಟು, "ನಾನು ಮಾರಿ ಅಂತ್ಲೂ ಏಳಕಿಲ್ಲ, ಬ್ಯಾಡ ಅಂತ್ಲೂ ಏಳಕಿಲ್ಲ," ಎಂದು ಎದ್ದು ಹೊರಟರು.

ಬೆಳಿಗ್ಗೆ ಕೊಳ್ಳೇಗಾಲದಿಂದ ಹನೂರಿಗೆ ಬರುವ ಬಸ್ಸಿನಲ್ಲಿ ರಾಜಮ್ಮಣ್ಣಿಗೆ ಒಂದೇ ಯೋಚನೆ. ಅಂಗನವಾಡಿ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿದೆ. ಇನ್ನೊಂದು ಏಟು ಬಿದ್ದರೆ ಇಲ್ಲಿಂದಲೂ ಕಳಿಸುತ್ತಾರೆ. ಕಚೇರಿಯ ಬೀಗ ತೆಗೆದು ಕೂತಾಗ ಮಾರುಕಟ್ಟೆ ತೆರೆದಿತ್ತು. ಬೆಲೆ ನಿನ್ನೆಗಿಂತ ಮೇಲಿತ್ತು.  ಮಧ್ಯಾಹ್ನದವರೆಗೆ ನೋಡೋಣ ಎನ್ನಿಸಿತು. ಬೆರಳು ಫೋನಿನ ಮೇಲೆ ನಿಂತೇ ಇತ್ತು. ಎಲ್ಲರ ಮುಂದೆ ಹೇಳಿದ್ದನ್ನು ಒಬ್ಬಳೇ ಇದ್ದಾಗ ಬದಲಿಸಿದರೆ ಇನ್ನು ಮೇಲೆ ತನ್ನನ್ನು ತಾನೇ ನಂಬಲಾರೆ ಎಂದುಕೊಂಡು ಎರಡು ಲಾಟ್ ಮಾರಿದರು. ಆಮೇಲೆ ಹೊರಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡರು.

ಎಂಟು ದಿನ ಬೆಲೆ ಅತ್ತಿತ್ತ ಅಲ್ಲಾಡಿತು. ಒಂಬತ್ತನೇ ದಿನ ಏರಿ, ಗೆರೆಗಿಂತ ಕ್ವಿಂಟಾಲಿಗೆ ಮೂವತ್ತೇ ರೂಪಾಯಿ ಕೆಳಗೆ ಬಂದು ನಿಂತಿತು. ವೃಷಭೇಂದ್ರಪ್ಪ ಗಂಟೆಗೊಂದು ಸಲ ಫೋನ್ ಮಾಡಿ ಬರೀ "ಎಷ್ಟು?" ಎಂದು ಕೇಳುತ್ತಿದ್ದರು. ಆ ಸಂಜೆ ಬೆಲೆ ಗೆರೆಯ ಕೆಳಗೇ ಮುಗಿಯಿತು. ಮರುದಿನದಿಂದ ಹೊಸ ಅರಿಶಿನ ಎಲ್ಲೆಡೆ ಮಾರುಕಟ್ಟೆಗೆ ಬಂದು ಬೆಲೆ ಮಾರ್ಚ್ ಕೊನೆಯವರೆಗೆ ಇಳಿಯುತ್ತಲೇ ಹೋಯಿತು.

ಈರೋಡಿನ ವ್ಯಾಪಾರಿ ಬಂದು ಮೂಟೆ ಎತ್ತಿದ ದಿನ ರಾಜಮ್ಮಣ್ಣಿ ವಾಯಿದೆಯಿಂದಲೂ ಹೊರಬಂದರು. ಮೂಟೆಗೆ ಸಿಕ್ಕ ದರ ಫೆಬ್ರವರಿಗಿಂತ ಬಹಳ ಕಡಿಮೆ. ವಾಯಿದೆಯಲ್ಲಿ ಬಂದದ್ದು, ಮೊದಲ ಸಲದ ನಷ್ಟ ಕಳೆದ ಮೇಲೂ, ಆ ಕೊರತೆಯ ಬಹುಪಾಲನ್ನು ತುಂಬಿತು. ಪೂರ್ತಿ ಅಲ್ಲ.

ವೃಷಭೇಂದ್ರಪ್ಪನವರ ಮುಖ ಅರಳಿತ್ತು. "ಇನ್ನತ್ತು ಲಾಟ್ ಮಾರಿದ್ರೆ ಎಷ್ಟ್ ಬರದು ಅಮ್ಮಣ್ಣಿ! ಮುಂದಿನ್ ಸಲ ಅಂಗೇ ಮಾಡವ."

"ಇನ್ನತ್ತು ಲಾಟಿಗೆ ಅರಿಶಿನ ಎಲ್ಲದೆ ಸಾ? ಗೋದಾಮಲ್ಲಿ ಇಲ್ದೆ ಇರದ್ನ ನಾನು ಮಾರಕಿಲ್ಲ. ಆಗ್ಲೇಬೇಕು ಅಂದ್ರೆ ಬೇರೆ ಕಾರ್ಯದರ್ಶಿ ನೋಡ್ಕಳಿ."

 ಬಾಗಿಲಲ್ಲಿ ಕೂತು ಬೀಡಿ ಹಚ್ಚುತ್ತಿದ್ದ ಪುಟ್ಟಮಾದಯ್ಯ ತಲೆ ಎತ್ತಲಿಲ್ಲ. "ಇನ್ಯಾರ್ನೂ ನೋಡದ್ ಬ್ಯಾಡ," ಎಂದಷ್ಟೇ ಹೇಳಿದರು. ಅಧ್ಯಕ್ಷರು ಮಾತು ಬದಲಿಸಿದರು.

ಅವತ್ತು ಸಂಜೆ ಕೊಳ್ಳೇಗಾಲದಲ್ಲಿ ಬಸ್ ಬದಲಿಸಿ ಕೂತ ರಾಜಮ್ಮಣ್ಣಿಗೆ ಆರು ವಾರಗಳ ನಿದ್ದೆ ಒಟ್ಟಿಗೆ ಬಂತು. ಇಳಿಯಬೇಕಿದ್ದ ತಮ್ಮೂರು ಅಗರ ಹಿಂದೆ ಹೋದದ್ದೇ ತಿಳಿಯಲಿಲ್ಲ. ಯಳಂದೂರಿನಲ್ಲಿ ಕಂಡಕ್ಟರ್ ಎಬ್ಬಿಸಿದಾಗ ಕಿಟಕಿಯಾಚೆ ಅಂಗಡಿಗಳ ದೀಪ ಹತ್ತಿತ್ತು. ಅವರು ಬೈದುಕೊಳ್ಳದೆ ಇಳಿದು, ಒಂದು ಟೀ ಕುಡಿದು, ವಾಪಸ್ ಹೋಗುವ ಬಸ್ಸಿಗೆ ಕಾಯುತ್ತಾ ನಿಂತರು.