ಬಾಯಲ್ಲಿ ಬಿದ್ದುಹೋದ ಹಕಾರ

ಅತ್ತೆ, ಆ ಸಂಜೆ ನೀವು ತಪ್ಪಾಗಿ ಕೇಳಿಸಿಕೊಂಡಿರಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಬೇಕೆಂದೇ.

ಹನಕೆರೆಯ ನಮ್ಮ ಜಗಲಿಯಲ್ಲಿ ಕೂತು, ಕಣ್ಣು ಮಂಜಾದ ನಿಮಗೆ ದಿನಾ ಬೈಬಲ್ ಓದಿ ಹೇಳುವುದು ನನ್ನ ಪಾಲಿನ ಕೆಲಸ. ಗಡಗಡನೆ ಓದಿ ಮುಗಿಸಿ ಒಲೆಯ ಮುಂದೆ ಓಡುವ ಆತುರ ನನಗೆ. ಹಿಂಸಿಸುವವರನ್ನು ಹರಸಿರಿ, ಶಪಿಸಬೇಡಿರಿ ಎಂದು ಅಚ್ಚಾಗಿತ್ತು. ನಮ್ಮ ಕಡೆಯ ಬಾಯಲ್ಲಿ ಹಕಾರ ನಿಂತರೆ ತಾನೆ? 'ಅರಸಿರಿ' ಎಂದುಬಿಟ್ಟೆ. ನೀವು ತಟ್ಟನೆ ನೆಟ್ಟಗೆ ಕೂತಿರಿ.

"ನೋಯ್ಸೋರ್ನ ಅರಸ್ಕೊಂಡು ಓಗು ಅಂತ ದೇವ್ರೇ ಯೋಳುದ್ಮೇಲೆ ಇನ್ನೇನು! ಬೆಳಿಗ್ಗೆ ಪೂರಿಗಾಲಿಗೆ ಓಯ್ತೀನಿ ಕಣಮ್ಮಿ."

ಪೂರಿಗಾಲಿಯಲ್ಲಿ ನಿಮ್ಮ ತಂಗಿ ಸುಗುಣಮ್ಮ. ನನ್ನ ಮದುವೆಯಲ್ಲಿ ಕೊನೇ ಪಂಕ್ತಿಗೆ ಕೂರಿಸಿದರೆಂದು ನಿಮಗೆ ಹಿಡಿಶಾಪ ಹಾಕಿ ಹೋದವರು ಮತ್ತೆ ಮುಖ ತೋರಿಸಿರಲಿಲ್ಲ. ಅದು 'ಹರಸಿರಿ' ಅತ್ತೆ, ಎಂದು ನಾನು ಹೇಳಿದ್ದರೆ ಕೂತಲ್ಲೇ ಹರಸಿ ಸುಮ್ಮನಾಗುತ್ತಿದ್ದಿರಿ. ಹೇಳಲಿಲ್ಲ. ನನ್ನ ಸಾರಿಗೆ ದಿನಾ ಹೆಸರಿಡುವ ಅತ್ತೆ, ತಂಗಿಯ ಬಾಗಿಲಲ್ಲಿ ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡು ಬರಲಿ ಅಂತ — ಛೆ, ಎಂಥ ಮನಸ್ಸು ನನ್ನದು!

ನೀವು ಮದ್ದೂರಿನಲ್ಲಿ ಬಸ್ಸು ಬದಲಿಸಿ ಹೋದಿರಿ. ಮಾರನೆಯ ದಿನ ಅಕ್ಕತಂಗಿ ಕೈಕೈ ಹಿಡಿದು ಬಂದಿರಿ. ಅಂದಿನಿಂದ ಮನೆಯಲ್ಲಿ ನಗುವೋ ನಗು. ನನಗೂ ಖುಷಿ, ಆದರೆ ಒಳಗೇ ಚುರುಕ್ ಅನ್ನುತ್ತಿತ್ತು.

ಆ ಅಧ್ಯಾಯವನ್ನು ಒಬ್ಬಳೇ ಕೂತು, ಹಿಂದಿನ ಮುಂದಿನ ಸಾಲು ನೋಡುತ್ತ, ನಿಧಾನವಾಗಿ ಓದಿದೆ — ಮೊದಲ ಸಲ. ಕೆಳಗೇ ಇತ್ತು, ವೈರಿ ಹಸಿದಿದ್ದರೆ ಊಟಕ್ಕಿಡು ಎಂಬ ಮಾತು. ದೂರ ಕೂತು ಬಡಿಸುವುದು ಹೇಗೆ? ಹೋಗಲೇಬೇಕಲ್ಲ! ಎಷ್ಟು ಸಲ ಗಡಗಡ ದಾಟಿ ಹೋಗಿದ್ದೆನೋ ಈ ಸಾಲನ್ನು. ಕುಣಿಯುವಷ್ಟು ಸಂತೋಷವಾಯಿತು, ಜೊತೆಗೇ ನಾಚಿಕೆ.

ಕಳೆದ ಭಾನುವಾರ ಸುಗುಣಮ್ಮನವರ ಎದುರಿಗೇ ಹಕಾರದ ಕಥೆ ಹೇಳಿದೆ. ನೀವು ನಕ್ಕುಬಿಟ್ಟಿರಿ.

"ಅರಸ್ದೆ ಎಂಗಮ್ಮಿ ಅರಸ್ಲಿ?"

ಹುಡುಕುವುದೂ ಹರಸುವುದೂ ನಿಮ್ಮ ಬಾಯಲ್ಲಿ ಒಂದೇ ಮಾತು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆದರೆ ನಾನು ಪೂರ್ತಿ ಹೇಳಲಿಲ್ಲ, ಅತ್ತೆ. ಅಕ್ಷರ ಬಿದ್ದದ್ದನ್ನು ಹೇಳಿದೆ. ನಿಮಗೆ ಅವಮಾನವಾಗಲಿ ಎಂದು ಬಯಸಿದ್ದನ್ನು ನುಂಗಿಕೊಂಡೆ. ಇವತ್ತು ಪುಸ್ತಕ ತೆರೆಯುವ ಮೊದಲು ಅದನ್ನೂ ಹೇಳುತ್ತೇನೆ. ಬೈದರೆ ಬೈಯಿರಿ. ಒಲೆ ಆರಿಸಿದ್ದೇನೆ — ಅಡುಗೆಮನೆಯಿಂದ ಜಗಲಿಗೆ, ನಿಮ್ಮನ್ನು ಅರಸಿಕೊಂಡು ಬರುತ್ತಿದ್ದೇನೆ.