ಚಕ್ಕಡಿಯಲ್ಲಿ ಕೂಡಿಟ್ಟ ಮನೆ

ಮನೆ ಕೊಳ್ಳುವುದಕ್ಕಾಗಿ ಇದ್ದ ಮನೆ ಬಿಟ್ಟವರು ಬೆಳಗಾವಿಯಲ್ಲಿ ನಾವಷ್ಟೇ ಇರಬೇಕು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆಗ ನನ್ನನ್ನು ಒಂದು ಮಾತು ಕೇಳಿದ್ದರೆ ಬೇಡವೆಂದೇ ಹೇಳುತ್ತಿದ್ದೆ. ಆದರೆ ಸೊಸೆಯನ್ನು ಕೇಳಿ ಸಂಸಾರ ನಡೆಸುವ ಪದ್ಧತಿ ಆ ಕಾಲದಲ್ಲಿ ನಮ್ಮಲ್ಲಿ ಇರಲಿಲ್ಲ.

ಜರ್ಮನ್ ಲಡಾಯಿ ಮುಗಿದು ಕೆಲವು ವರ್ಷಗಳಾಗಿದ್ದವು. ನಮ್ಮ ಯಜಮಾನರದು ಖಣದ ವ್ಯಾಪಾರ. ಗುಳೇದಗುಡ್ಡದಿಂದ ಕುಪ್ಪಸದ ಖಣ ತರಿಸಿ, ಕಾಕತಿಯಿಂದ ಹಿಡಿದು ಖಾನಾಪುರದ ತನಕ ಸಂತೆಯಿಂದ ಸಂತೆಗೆ ತಿರುಗಿ ಮಾರುತ್ತಿದ್ದರು. ಅತ್ತೆಯೂ ನಾನೂ ಜೊತೆಗೆ ಹೋಗುತ್ತಿದ್ದೆವು. ಖಣ ಕೊಳ್ಳುವ ಹೆಂಗಸರು ಗಂಡಸು ಹೇಳಿದ್ದನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ, ಹೆಣ್ಣೊಬ್ಬಳು ತನ್ನ ಮೈಗೆ ಹಿಡಿದು ತೋರಿಸಬೇಕು. ಹೀಗಾಗಿ ಬೆಳಗಾವಿಯ ಓಣಿಯೊಳಗಿನ ನಮ್ಮ ಬಾಡಿಗೆ ಮನೆ ವಾರದಲ್ಲಿ ಬಹಳ ದಿನ ಮುಚ್ಚಿಯೇ ಇರುತ್ತಿತ್ತು. ಅಂಥ ಮನೆಗೆ ಮಾಲೀಕರು ಬಾಡಿಗೆ ಏರಿಸಿದರು.

"ನಾವಂತೂ ಒಳಗ ಇರೂದಿಲ್ಲ. ಆ ಕೀಲಿಗಿ ಬಾಡಿಗಿ ಕೊಟ್ಟಂಗಾತು," ಎಂದು ನಮ್ಮ ಯಜಮಾನರು ಸಿಡಿದರು. ಮರುದಿನವೇ ಚಕ್ಕಡಿಗೆ ಬಿದಿರಿನ ಕಮಾನು ಕಟ್ಟಿಸಿ, ಮೇಲೆ ತಟ್ಟಿ ಹೊದಿಸಿ, ಪಾತ್ರೆ ಪಡಗ ಏರಿಸಿಯೇ ಬಿಟ್ಟರು. "ಇನ್ನ ಇದ ನಮ್ಮ ಮನಿ. ಬಾಡಿಗಿ ಉಳೀತು, ಎಣ್ಣಿ ಉಳೀತು. ಪಾಡ್ಯಾ ತನಕ ಹಿಂಗ ಇದ್ರ ಸ್ವಂತ ಮನಿ ತುಗೋಬಹುದು."

ಆ ಸ್ವಂತ ಮನೆ ಗಾಳಿಯ ಮಾತಲ್ಲ. ಬಸದಿಯ ಹಿಂದಿನ ಓಣಿಯಲ್ಲಿ ಎರಡು ಅಂಕಣದ ಮನೆಯೊಂದಿತ್ತು. ಮುಂದೆ ಕಟ್ಟೆ, ಹಿತ್ತಲಲ್ಲಿ ಬಾವಿ. ಅದರ ಮಾಲೀಕರಾದ ಮುದುಕರು ಕೊಲ್ಲಾಪುರಕ್ಕೆ ಮಗಳ ಹತ್ತಿರ ಹೋಗುವವರಿದ್ದರು. ಬೆಲ್ಲದ ವ್ಯಾಪಾರಿಯೊಬ್ಬ ರೊಕ್ಕ ಹಿಡಿದುಕೊಂಡು ನಿಂತಿದ್ದರೂ, ನಮ್ಮ ಅತ್ತೆಯ ಮುಖ ನೋಡಿ ದೀಪಾವಳಿಯ ಪಾಡ್ಯದ ತನಕ ತಡೆಯುತ್ತೇನೆ ಎಂದಿದ್ದರು. ನಾನು ಆ ಮನೆಯನ್ನು ಒಂದೇ ಸಲ ನೋಡಿದ್ದೆ. ಒಲೆ ಎಲ್ಲಿ, ಹಾಸಿಗೆ ಎಲ್ಲಿ, ತುಳಸಿ ಎಲ್ಲಿ ಎಂಬುದನ್ನೆಲ್ಲ ಅಂದೇ ನಿಶ್ಚಯಿಸಿಬಿಟ್ಟಿದ್ದೆ. ಹಾಕಿಕೊಳ್ಳುವುದಕ್ಕೆ ಒಂದು ಬಾಗಿಲು ಸಿಕ್ಕರೆ ಸಾಕಾಗಿತ್ತು ನನಗೆ.

ಚಕ್ಕಡಿಯ ಸಂಸಾರ ಹೇಗಿತ್ತೆಂದರೆ, ಕೆಳಗೆ ಖಣದ ಗಂಟು, ಗಂಟಿನ ಮೇಲೆ ಜಮಖಾನೆ, ಜಮಖಾನೆಯ ಮೇಲೆ ಅತ್ತೆ ಮತ್ತು ನಾನು. ಕಮಾನಿಗೆ ಕಟ್ಟಿದ ಪಾತ್ರೆಗಳು ಗಾಡಿ ಹೊರಟರೆ ಸಾಕು, ಲಗ್ನದ ವಾಜಂತ್ರಿಯವರಂತೆ ಬಾರಿಸಲು ಸುರು ಮಾಡುತ್ತಿದ್ದವು. ಯಜಮಾನರು ಮಲಗುವುದು ಗಾಡಿಯ ಕೆಳಗೆ. ಗಂಡ ಹೆಂಡತಿ ಏನಾದರೂ ಮಾತಾಡಬೇಕಾದರೆ ಹಲಗೆಯ ಸಂದಿಯಿಂದಲೇ ಆಗಬೇಕು. ನಾನು ಮೇಲಿನಿಂದ ಕೇಳಿದ್ದಕ್ಕೆ ಅವರು ಕೆಳಗಿನಿಂದ ಉತ್ತರ ಕೊಡುವ ಮೊದಲೇ ನಡುವೆ ಅತ್ತೆ ಉತ್ತರ ಕೊಟ್ಟಿರುತ್ತಿದ್ದರು. ನನ್ನ ಸ್ನಾನಕ್ಕೆ ಚಕ್ಕಡಿಯ ಗಾಲಿಗೂ ಒಂದು ಗಿಡಕ್ಕೂ ಸೀರೆ ಕಟ್ಟುವುದು. ಗಾಳಿ ಬಿಟ್ಟರೆ ಕಥೆ ಮುಗಿಯಿತು. ಊರಿಗೆ ಬಂದಾಗ ಕೋಟೆಯ ಕಂದಕದ ಹೊರಗೆ ಬಯಲಿನಲ್ಲಿ ಬಿಡಾರ. ಹಳೆಯ ನೆರೆಯವರು ಎದುರಾದರೆ, "ಈಗ ಎಲ್ಲಿದ್ದೀರ್ರಿ?" ಎಂದು ಕೇಳುತ್ತಿದ್ದರು. "ಕೋಟಿ ಕಡೆ," ಎಂದು ನಮ್ಮ ಯಜಮಾನರು ದೊಡ್ಡ ಬಂಗಲೆಯಲ್ಲಿ ಇದ್ದವರ ಗತ್ತಿನಿಂದ ಹೇಳುತ್ತಿದ್ದರು.

ಉಳಿತಾಯಕ್ಕೆ ಇವರಷ್ಟು ಹಟ ಹಿಡಿದವರಿಲ್ಲ, ವ್ರತಕ್ಕೆ ಅತ್ತೆಯಷ್ಟು ಹಟ ಹಿಡಿದವರಿಲ್ಲ. ಈ ಎರಡು ಹಟಗಳ ನಡುವೆ ನಾನೂ ಎರಡು ಎತ್ತುಗಳೂ ಸಿಕ್ಕಿಕೊಂಡಿದ್ದೆವು. ನಮ್ಮದು ಜೈನರ ಮನೆತನ. ನೀರನ್ನು ಅರಿವೆಯಲ್ಲಿ ಸೋಸದೆ ಕುಡಿಯುವ ಹಾಗಿಲ್ಲ. ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಯಾವ ಬಾವಿಯಿಂದ ನೀರು ಸೇದಿದ್ದೆವೋ ಅದೇ ಬಾವಿಗೆ ತಿರುಗಿ ಬಿಡಬೇಕು. ಮನೆಯಲ್ಲಿ ಇದೇನು ದೊಡ್ಡ ಕೆಲಸವಲ್ಲ, ದಿನಕ್ಕೊಂದು ಬಾವಿಯ ನೀರು ಕುಡಿಯುವವರಿಗೆ ಬಲು ಕಷ್ಟ. ಒಮ್ಮೆ ಪೀರನವಾಡಿಯಲ್ಲಿ ನೀರು ಸೋಸಿಕೊಂಡು ಖಾನಾಪುರದ ಸಂತೆಗೆ ಹೊರಟಿದ್ದೆವು. ಅರ್ಧ ದಾರಿ ಸಾಗಿದ ಮೇಲೆ ಅತ್ತೆ ಒಂದು ತಂಬಿಗೆಯನ್ನು ಹುಷಾರಾಗಿ ಎತ್ತಿ ಹಿಡಿದರು. ಸೋಸಿದ ಅರಿವೆ ತೊಳೆದ ನೀರು ಅದರಲ್ಲೇ ಉಳಿದಿತ್ತು.

"ಗಾಡಿ ತಿರುಗಸಪಾ," ಎಂದರು.

"ಅವ್ವಾ, ಮುಂದ ಬೇಕಾದಷ್ಟ ಬಾವಿ ಅದಾವ. ಯಾವದರಾಗರ ಬಿಡೂಣು."

"ಅಲ್ಲೆ ಇವಕ್ಕ ಯಾರ ಗುರ್ತಿನವರ ಅದಾರಪಾ?"

ಗಾಡಿ ತಿರುಗಿತು. ಕಣ್ಣಿಗೆ ಕಾಣದ ಆ ಜೀವಗಳನ್ನು ಅವುಗಳ ತವರಿಗೆ ಮುಟ್ಟಿಸಿ ನಾವು ಖಾನಾಪುರಕ್ಕೆ ಹೋದಾಗ ಸಂತೆಯಲ್ಲಿ ದನ ಬಿಟ್ಟರೆ ಯಾರೂ ಉಳಿದಿರಲಿಲ್ಲ. ನಮ್ಮ ಯಜಮಾನರು ಎತ್ತುಗಳಿಗೆ ಬಯ್ದರು. ತಾಯಿಗೆ ಬಯ್ಯುವುದಕ್ಕೆ ಆಗದ ಮಾತುಗಳನ್ನೆಲ್ಲ ಆ ಎತ್ತುಗಳು ಕೇಳಿಕೊಂಡಿವೆ.

ಆದರೆ ನಿಜವಾದ ಹೊಡೆತ ಬಿದ್ದದ್ದು ಸಂಜೆಯ ಊಟದಿಂದ. ಹೊತ್ತು ಮುಳುಗಿದ ಮೇಲೆ ನಾವು ಒಂದು ಅಗುಳನ್ನೂ ಮುಟ್ಟುವುದಿಲ್ಲ. ಖಣದ ವ್ಯಾಪಾರವಾದರೋ ಹೊಲದ ಕೆಲಸ ಮುಗಿಸಿ ಹೆಂಗಸರು ಸಂತೆಗೆ ಬರುವ ಆ ಸಂಜೆಯ ಹೊತ್ತಿಗೇ ರಂಗೇರುವುದು. ಸರಿಯಾಗಿ ಅದೇ ಹೊತ್ತಿಗೆ ನಾವು ಗಂಟು ಕಟ್ಟಿ ಊಟಕ್ಕೆ ಕೂಡಬೇಕು. ಬಿಸಿಲು ಕಾಣುವ ದಿನ ಹೇಗೋ ನಡೆಯುತ್ತಿತ್ತು. ಖಾನಾಪುರದ ಮಳೆಗಾಲದಲ್ಲಿ ಸೂರ್ಯನನ್ನು ಹುಡುಕುವುದೆಲ್ಲಿ? ನಮ್ಮ ಹತ್ತಿರ ಗಡಿಯಾರ ಇರಲಿಲ್ಲ. ಅತ್ತೆಯದು ಅವರ ತವರಿನಿಂದ ಬಂದ ಲೆಕ್ಕ: ಅಂಗೈ ಚಾಚಿ ನೋಡುವುದು, ಗೆರೆಗಳು ಕಾಣುವ ತನಕ ಹೊತ್ತು ಐತಿ, ಗೆರೆ ಕಾಣದಿದ್ದರೆ ಮುಳುಗಿತು.

ಮೊದಮೊದಲು ಲೆಕ್ಕ ಸರಿಯಾಗಿಯೇ ಇತ್ತು. ಬರಬರುತ್ತ ನಮ್ಮ ಸಂಜೆ ಬೇಗ ಆಗತೊಡಗಿತು. ಶ್ರಾವಣದಲ್ಲಿ ದನ ತಿರುಗಿ ಬರುವ ಮೊದಲೇ ಗೆರೆ ಮಾಯವಾಗುತ್ತಿದ್ದವು. ಭಾದ್ರಪದದಲ್ಲಿ ಮಧ್ಯಾಹ್ನದ ಊಟದ ಕೈ ಒಣಗುವುದರೊಳಗೆ ಅತ್ತೆ ಅಂಗೈ ನೋಡಿಕೊಂಡು, "ಏಳ್ರಿ, ಹೊತ್ತ ಹೋತು," ಎಂದು ಗಿರಾಕಿಯ ಕೈಯೊಳಗಿನ ಖಣವನ್ನೇ ಕಿತ್ತು ಗಂಟಿಗೆ ಸೇರಿಸುತ್ತಿದ್ದರು. ಒಂದು ದಿನವಂತೂ ನಾವು ಉಂಡು ಕೈ ತೊಳೆದು ಕುಳಿತ ಮೇಲೆ ಮೋಡ ಹರಿದು, ನೆತ್ತಿಯಿಂದ ತುಸುವೇ ಜಾರಿದ ಸೂರ್ಯ ಸಂತೆಯ ಮೇಲೆಲ್ಲ ಬಿಸಿಲು ಚೆಲ್ಲಿದ. ಪಕ್ಕದಲ್ಲಿ ಉಳ್ಳಾಗಡ್ಡಿ ಮಾರುವ ಮರಾಠಿ ಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಮಾಂವಶೀ, ನಿಮ್ಮ ಸೂರ್ಯಾ ಬ್ಯಾರೆ ಐತೇನ್ರಿ?" ಎಂದಳು. ಮರುದಿನ ಬೆಳಗಿನ ತನಕ ನಮ್ಮ ಹೊಟ್ಟೆ ತಾಳ ಹಾಕಿತು. ನಮ್ಮ ಯಜಮಾನರಿಗೆ ಹಸಿವಿನ ಚಿಂತೆ ಇರಲಿಲ್ಲ, ಮನೆಯ ಚಿಂತೆ. ಬಾಡಿಗೆಯಲ್ಲಿ ಉಳಿದದ್ದು ವ್ಯಾಪಾರದಲ್ಲಿ ಹೋಗುತ್ತಿತ್ತು. ಆದರೂ ಒಂದು ಖಣ ಹೆಚ್ಚಿಗೆ ಮಾರಿ, ಒಂದು ಬೀಡಿ ಕಡಿಮೆ ಸೇದಿ, ಹೇಗೋ ಏಗುತ್ತಿದ್ದರು. ದಸರೆಯ ಹೊತ್ತಿಗೆ, "ಪಾಡ್ಯಾಕ್ಕ ಮುಟ್ಟತೈತಿ ಅನ್ನು," ಎಂದು ಹಲಗೆಯ ಕೆಳಗಿನಿಂದ ನನಗೆ ಹೇಳಿದರು. ನಾನು ಮೇಲೆ ಒಬ್ಬಳೇ ನಕ್ಕೆ. "ಆ ಮನ್ಯಾಗ ಪಡಸಾಲಿ ದೊಡ್ಡದ ಐತಿ," ಎಂದು ನಡುವಿನಿಂದ ಅತ್ತೆ ಹೇಳಿದರು.

ಮಳೆ ಹಿಂದಾಯಿತು. ಆಕಾಶ ತೊಳೆದಿಟ್ಟ ಹಾಗೆ ಸ್ವಚ್ಛವಾಯಿತು. ಕಾಕತಿಯ ಹತ್ತಿರ ಒಂದು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿದ್ದೆವು. ಕಣ್ಣು ಕುಕ್ಕುವ ಬಿಸಿಲು. ಅತ್ತೆ ಬಿಸಿಲಿನಲ್ಲಿಯೇ ನಿಂತು ಅಂಗೈ ಚಾಚಿದರು, ಮುಖದ ಹತ್ತಿರ ತಂದರು, ಮತ್ತೆ ದೂರ ಹಿಡಿದರು. "ಏಳ್ರಿ, ಹೊತ್ತ ಹೋತು," ಎಂದರು.

ನಾನು ಯಜಮಾನರ ಮುಖ ನೋಡಿದೆ. ಇಷ್ಟು ದಿನ ಮೋಡಕ್ಕೂ ಮಳೆಗೂ ಬಯ್ಯುತ್ತಿದ್ದೆವು. ಯಜಮಾನರೂ ನನ್ನ ಮುಖ ನೋಡಿದರು. ನಂತರ ತಾಯಿಯ ಮುಂದೆ ಕೆಲವು ಮಾರು ದೂರ ಹೋಗಿ ನಿಂತು ಕೈ ಎತ್ತಿ ಹಿಡಿದು, "ಅವ್ವಾ, ಈ ಖಣ ಯಾವ ಬಣ್ಣದ್ದ ಹೇಳು," ಎಂದರು.

ಅತ್ತೆ ಕಣ್ಣು ಕಿರಿದು ಮಾಡಿದರು. "ಕೆಂಪ. ಅಂಚ ಭಾಳ ಚಂದ ಐತಿ."

ಯಜಮಾನರ ಕೈಯಲ್ಲಿ ಏನೂ ಇರಲಿಲ್ಲ.

ನಮ್ಮ ಯಜಮಾನರ ಜಿಪುಣತನವನ್ನು ನಾನು ಇಷ್ಟು ಹೊತ್ತು ಆಡಿಕೊಂಡೆನಲ್ಲ, ಇದನ್ನೂ ಹೇಳಬೇಕು. ಆ ಮನುಷ್ಯ ಒಂದು ಗಳಿಗೆಯೂ ವಿಚಾರ ಮಾಡಲಿಲ್ಲ. "ಮಿರಜಿಗೆ ಹೋಗೂಣು. ಅಲ್ಲೆ ದವಾಖಾನ್ಯಾಗ ಕಣ್ಣಿನ ಪರಿ ತಗೀತಾರಂತ," ಎಂದರು. ರೈಲಿನ ಖರ್ಚು, ದವಾಖಾನೆಯ ಖರ್ಚು, ಅಲ್ಲಿಯ ವಸ್ತಿ, ಅಷ್ಟು ದಿನ ವ್ಯಾಪಾರ ಬಂದ್. ಅಂದರೆ ಪಾಡ್ಯದ ಮನೆ ಬೆಲ್ಲದವನಿಗೆ ಹೋದ ಹಾಗೆಯೇ. ಇದು ಮೂವರಿಗೂ ತಿಳಿದಿತ್ತು. ನನ್ನ ಕಣ್ಣ ಮುಂದೆ ಆ ಕಟ್ಟೆ ಬಂತು, ಬಾಗಿಲು ಬಂತು. ಅಳು ಬಂತು. ಆದರೂ ಬೇಡವೆನ್ನಲು ಬಾಯಿ ಬರಲಿಲ್ಲ.

ಬೇಡವೆಂದದ್ದು ಅತ್ತೆ. "ಮದಲ ಮನಿ. ನನಗ ನೋಡೂದರ ಏನ ಉಳದೈತಿ? ಎಪ್ಪತ್ತ ಸಂತಿ ನೋಡೇನಿ, ಎಲ್ಲಾ ಒಂದ ಥರಾ. ಮನ್ಯಾಗ ಗ್ವಾಡಿ ಹಿಡಕೊಂಡ ಅಡ್ಡಾಡತೀನಿ. ಗ್ವಾಡಿನ ಇಲ್ಲಂದ್ರ ಏನ ಹಿಡಕೊಳ್ಳಿ?"

ಯಜಮಾನರು ಬೇಡಿಕೊಂಡರು, ಸಿಟ್ಟು ಮಾಡಿದರು, ಉಪವಾಸ ಕೂಡುತ್ತೇನೆ ಎಂದರು. ಉಪವಾಸದಿಂದ ಹೆದರಿಸುವುದೇ? ಪರ್ಯೂಷಣದಲ್ಲಿ ದಿನಗಟ್ಟಲೆ ನೀರಿನ ಮೇಲೆ ಇರುವ ಹೆಂಗಸನ್ನು! ಅತ್ತೆ ಚಕ್ಕಡಿಯೊಳಗೆ ಹತ್ತಿ ಮೊರ ತೆಗೆದುಕೊಂಡು ಬೇಳೆ ಹಸನು ಮಾಡುತ್ತ ಕುಳಿತರು. ಬೆರಳುಗಳು ಅಂದಾಜಿನಲ್ಲಿ ಓಡಾಡುತ್ತಿದ್ದವು. ಅದನ್ನು ನೋಡಿ ನನಗೆ ಒಂದು ಮಾತು ಹೊಳೆಯಿತು.

"ಅತ್ತಿ," ಎಂದೆ, "ನಿನ್ನಿ ನೀವು ಹಸನ ಮಾಡಿದ ಬ್ಯಾಳ್ಯಾಗ ಹುಳಾ ಇದ್ದೂ."

ಮೊರ ನಿಂತಿತು. "ಏನಂದಿ?"

"ಹುಳಾ ರೀ. ನಾ ನೋಡಿದೆ."

"ಜೀವ ಇದ್ದುವೇನ?"

"ಇದ್ದೂ ರೀ. ಆರಿಸಿ ಬೇವಿನ ಗಿಡದ ಬುಡಕ ಬಿಟ್ಟ ಬಂದೆ."

"ಮನ್ನಿ?"

"ಮನ್ನಿ ನಾ ನೋಡಿದ್ದಿಲ್ರಿ. ನೀವ ನೋಡಿರಿ ಅಂತ ತಿಳದ ಹಂಗ ಒಲಿ ಮ್ಯಾಲೆ ಇಟ್ಟೆ."

ಅತ್ತೆಯ ಮುಖ ಬಿಳಿಚಿತು. ತುಟಿ ಅಲುಗುತ್ತಿತ್ತು, ಶ್ರಾವಣದಿಂದ ಈಚೆಗೆ ಬೇಯಿಸಿದ ಬೇಳೆಯನ್ನೆಲ್ಲ ನೆನೆಸಿಕೊಳ್ಳುತ್ತಿದ್ದರೋ ಏನೋ. ಆಮೇಲೆ ಮೊರವನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಹೊರಗಿದ್ದ ಮಗನನ್ನು ಕೂಗಿದರು: "ಏ ತಮ್ಮಾ, ಎತ್ತ ಹೂಡು! ಮಿರಜಿನ ಗಾಡಿ ಎಷ್ಟೊತ್ತಿಗಿ ಐತಿ?"

ಮಗನ ಪ್ರೀತಿಗೆ ಜಗ್ಗದ ಹೆಂಗಸು ಬೇಳೆಯ ಹುಳಕ್ಕೆ ಜಗ್ಗಿದರು. ಚಕ್ಕಡಿಯನ್ನೂ ಎತ್ತುಗಳನ್ನೂ ಪೀರನವಾಡಿಯ ಗುರುತಿನವರೊಬ್ಬರ ಹಿತ್ತಲಲ್ಲಿ ಬಿಟ್ಟು ನಾವು ರೈಲು ಹತ್ತಿದೆವು.

ಮಿರಜಿನಲ್ಲಿ ಒಂದು ಕಣ್ಣಿನ ಪೊರೆ ತೆಗೆದರು. ಪಟ್ಟಿ ಕಟ್ಟಿಕೊಂಡು ಅಲುಗದೆ ಮಲಗಿದ್ದ ಅತ್ತೆ, ಸಂಜೆ ಯಾವಾಗ ಆಯಿತೆಂದು ಕಾಣುವುದಿಲ್ಲವೆಂದು ದಿನಕ್ಕೆ ಒಂದೇ ಊಟ ಮಾಡಿದರು. ದವಾಖಾನೆಯ ನರ್ಸ್‌ಬಾಯಿಯವರಿಗೆ ಕುಡಿಯುವ ನೀರು ಸೋಸುವುದನ್ನು ಕಲಿಸಲು ಹೋಗಿ ಒಮ್ಮೆ ಬೈಸಿಕೊಂಡರು. ನಾವು ಮಿರಜಿನಲ್ಲಿ ಇದ್ದಾಗಲೇ ದೀಪಾವಳಿ ಬಂದು ಹೋಯಿತು. ಪಾಡ್ಯದ ದಿನ ಯಜಮಾನರೂ ನಾನೂ ದವಾಖಾನೆಯ ಕಟ್ಟೆಯ ಮೇಲೆ ಚುರುಮುರಿ ತಿನ್ನುತ್ತ ಕುಳಿತಿದ್ದೆವು.

ತಿರುಗಿ ಬೆಳಗಾವಿಗೆ ಬಂದಾಗ ಅತ್ತೆಯ ಮೂಗಿನ ಮೇಲೆ ದಪ್ಪ ಗಾಜಿನ ಚಾಳೀಸು ಇತ್ತು. ಪೀರನವಾಡಿಯ ಹಿತ್ತಲಲ್ಲಿ ಚಕ್ಕಡಿಯನ್ನು ನೋಡಿದವರೇ, "ಅಯ್ಯ ನನ್ನ ಶಿವನ, ಇಂಥಾದ್ರಾಗ ಇದ್ದಿವೇನ?" ಎಂದರು. ನಾವು ಜೈನರು, ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು ನೆರೆಯವರ ದೇವರು. ತೂತು ಬಿದ್ದ ತಟ್ಟಿ, ಮಸಿ ಹಿಡಿದ ಪಾತ್ರೆ, ನನ್ನ ಮೈಮೇಲಿನ ಹಳೆಯ ಸೀರೆ, ಎಲ್ಲದರ ಮೇಲೆ ಆ ಚಾಳೀಸು ಓಡಾಡಿತು. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಎಷ್ಟ ಸೊರಗಿದಿ ಯವ್ವಾ," ಎಂದರು. ಆಮೇಲೆ ಮಗನಿಗೆ, "ಆ ಮನಿ ಮುಂದ ಗಾಡಿ ಹೊಡಿ. ನೋಡಬೇಕು," ಎಂದರು.

ಯಜಮಾನರಿಗೂ ನನಗೂ ಅದು ಬೇಡವಾಗಿತ್ತು. ಆದರೆ ಗಾಡಿ ಹೋಗಿ ನಿಂತಿತು. ಬಾಗಿಲಿಗೆ ಹೊಸ ತೋರಣ ಕಟ್ಟಿತ್ತು. ನಾನು ತುಳಸಿ ಇಡಬೇಕೆಂದಿದ್ದ ಕಡೆ ಬೆಲ್ಲದ ಪೆಂಟೆಗಳಿದ್ದವು. ಅತ್ತೆ ಕೆಳಗಿಳಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಗೋಡೆಯನ್ನು ಬುಡದಿಂದ ಮಾಡಿನ ತನಕ ನೋಡಿದರು.

"ಗ್ವಾಡಿ ವಾಲೇತಿ," ಎಂದರು. "ನೋಡಪಾ, ಆ ಮೂಲ್ಯಾಗ. ತೊಲಿಗಿ ಗೆದ್ದಲಾ ಹತ್ತೇತಿ. ಮುಂದಿನ ಮಳಿಗಾಲ ಕಾಣೂದಿಲ್ಲ ಇದು. ಪುಣ್ಯಾ, ನಾವು ಉಳದ್ವಿ."

ನಾನು ನೋಡಿದೆ. ಗೋಡೆ ನೂಲು ಹಿಡಿದಂತೆ ನೆಟ್ಟಗಿತ್ತು. ತೊಲೆ ಖಾನಾಪುರದ ಕಾಡಿನ ಸಾಗುವಾನಿ, ಎಣ್ಣೆ ಹಚ್ಚಿ ಮಿರಿಮಿರಿ ಮಿನುಗುತ್ತಿತ್ತು. ಅತ್ತೆಗೆ ಅದು ಕಾಣಲಿಲ್ಲವೆಂದು ಹೇಳುವ ಹಾಗಿರಲಿಲ್ಲ. ಆ ಚಾಳೀಸಿನಿಂದ ಅವರು ಆಗಲೇ ದಾರಿಯುದ್ದಕ್ಕೂ ಮಾಡಿನ ಹೆಂಚು ಎಣಿಸುತ್ತ ಬಂದಿದ್ದರು. ಕಾಣದ ಆ ಕೆಂಪು ಖಣದ ಮಾತೊಂದು ಬಿಟ್ಟರೆ, ಈ ಹೆಂಗಸು ಸುಳ್ಳು ಹೇಳಿದ್ದನ್ನು ನಾನು ಕೇಳಿದವಳಲ್ಲ. ಬಣ್ಣ ಬಿಡುತ್ತದೆಯೇ ಎಂದು ಗಿರಾಕಿ ಕೇಳಿದರೆ, "ಒಂದ ನೀರಿಗೆ ಬಿಡತೈತಿ," ಎಂದು ಮಗನ ಎದುರಿಗೇ ಹೇಳಿ ವ್ಯಾಪಾರ ಕೆಡಿಸುತ್ತಿದ್ದವರು.

ಯಜಮಾನರು ಆ ಮೂಲೆಯ ತನಕ ಹೋಗಿ ನೋಡಿ ಬಂದರು. "ಹೌದವ್ವಾ. ನನಗೂ ಹಂಗ ಕಾಣಸಿತ್ತ."

"ನಾ ಅಂತೂ ಮದಲ ದಿನಾನ ನೋಡಿದ್ದೆ ರೀ ಅತ್ತಿ," ಎಂದೆ ನಾನು. "ಗೆದ್ದಲಾ ಗಿಜಿಗಿಜಿ ಅಂತಿದ್ದೂ."

ಅತ್ತೆ ತಲೆಯಾಡಿಸಿದರು. ಚಾಳೀಸು ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು. ಅವರ ಮೇಲೆ ನನಗೆ ಅಷ್ಟು ಅಕ್ಕರೆ ಅದಕ್ಕೂ ಮುಂಚೆ ಎಂದೂ ಬಂದಿರಲಿಲ್ಲ. ನಾನೇ ಅವರ ಕೈ ಹಿಡಿದು ಚಕ್ಕಡಿಗೆ ಹತ್ತಿಸಿದೆ.