ಜೇನುಹುಳದ ಕೂಲಿ

ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, "ಇದರಾಗ ಸೂರ್ಯಕಾಂತಿ ಹೂವಿನ ಪರಾಗನೇ ಭಾಳ ಅದರೀ" ಎಂದೆ, ಅಷ್ಟೇ. ಕಲಬುರಗಿಯ ನಮ್ಮ ಪ್ರಯೋಗಾಲಯಕ್ಕೆ ಕಮಲಾಪುರದಿಂದ ಜೇನು ತಂದಿದ್ದ ನೀಲಮ್ಮನವರ ಮುಖ ಸಪ್ಪಗಾಯಿತು. ಅದು ತಮ್ಮ ಹೊಲದ ಅಜವಾನ ಹೂವಿನದೇ ಎಂದು ಅವರು ನಂಬಿದ್ದರು. ಜೊತೆಗೆ ಬಂದಿದ್ದ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಶರಣಮ್ಮನವರು ಮಾತ್ರ ಕುರ್ಚಿಯಿಂದ ಎದ್ದೇಬಿಟ್ಟರು.

"ಸೂರ್ಯಕಾಂತಿ ಇರೋದು ನನ್ನ ಹೊಲದಾಗ! ಅರ್ಧ ಜೇನು ನಂದು, ಕೊಡು."

"ಕೊಡ್ತೀನಕ್ಕ. ನಿನ್ನ ಹೂವಿನಾಗ ಕಾಳು ಕಟ್ಟಿಸಿದ ನನ್ನ ಹುಳಕ್ಕ ಮೊದಲ ಕೂಲಿ ಕೊಡು" ಎಂದರು ನೀಲಮ್ಮ, ತಣ್ಣಗೆ.

ಇಬ್ಬರೂ ತೀರ್ಪಿಗಾಗಿ ನನ್ನತ್ತ ತಿರುಗಿದರು. ನನಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕರು. ಹೊರಡುವಾಗ ಶರಣಮ್ಮ, ಮುಂದಿನ ಸಲ ಎರಡು ಜೇನುಪೆಟ್ಟಿಗೆ ತಮ್ಮ ಹೊಲದ ಬದುವಿನಲ್ಲೇ ಇಡುವಂತೆ ನೆಗೆಣ್ಣಿಯನ್ನು ಪುಸಲಾಯಿಸುತ್ತಿದ್ದರು.

ಈಗ ಪರಾಗ ಎಣಿಸುತ್ತಾ ಒಬ್ಬಳೇ ನಗುತ್ತಿರುತ್ತೇನೆ. ಸಹೋದ್ಯೋಗಿಗಳು ಕಾರಣ ಕೇಳುವುದನ್ನೂ ಬಿಟ್ಟಿದ್ದಾರೆ.